ಬಿಟ್ಟರೂ ಓಡದ ನಾಯಿ



ಮಲೆನಾಡಿನ ಮನೆಗಳಲ್ಲಿ ನಾಯಿ ಸಾಕುವ ಕ್ರಮ ಸಾಮಾನ್ಯವಾಗಿ ಎರಡೇ. ಒಂದು, ಹಗಲಿಡೀ ಕೊಟ್ಟಿಗೆಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿಹಾಕುವುದು. ಇನ್ನೊಂದು, ಬೆಳಗಾದೊಡನೆ ಬಿಟ್ಟುಬಿಡುವುದು. ಬಿಟ್ಟ ನಾಯಿ ದಣಪೆ ದಾಟಿ ಕಾನಿಗೆ ನುಗ್ಗಿದರೂ, ಬರ್ಕವನ್ನೋ ಕಾಡುಕುರಿಯ ಮರಿಯನ್ನೋ ಕಚ್ಚಿ ತಂದರೂ, ಮೂತಿಯ ತುಂಬ ಮುಳ್ಳುಹಂದಿಯ ಮುಳ್ಳು ಚುಚ್ಚಿಸಿಕೊಂಡು ಬಂದರೂ ‘ನಾಯಿಯಲ್ಲವೇ’ ಎಂದು ಸುಮ್ಮನಾಗುವವರೇ ಹೆಚ್ಚು. ಕಟ್ಟಿದ ನಾಯಿ ಬೊಗಳಿ ಬೊಗಳಿ ಸಿಡುಕಾಗುತ್ತದೆ. ಬಿಟ್ಟ ನಾಯಿ ಒಂದು ರಾತ್ರಿ ಚಿರತೆಯ ಪಾಲಾಗುತ್ತದೆ.

ಕಾಡಿಗೆ ಆಗುವ ಹಾನಿಯೂ ಅಲ್ಪವಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಭಾರತದಲ್ಲಿ ನಾಯಿಗಳ ದಾಳಿಗೆ ತುತ್ತಾದ 80 ಪ್ರಭೇದಗಳ ವನ್ಯಜೀವಿಗಳನ್ನು ಪಟ್ಟಿ ಮಾಡಿತು. ದಾಳಿ ಮಾಡಿದವು ಬೀದಿನಾಯಿಗಳು ಮಾತ್ರವೇ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಕಾಡಂಚಿನ ಮನೆಗಳ, ಬೆಳಿಗ್ಗೆ ಅನ್ನ ತಿಂದು ಹೊರಟ ನಾಯಿಗಳೂ ಬೇಟೆಯಾಡುತ್ತವೆ.

ಸರಪಳಿಗೂ ಸ್ವೇಚ್ಛೆಗೂ ನಡುವೆ ಮೂರನೆಯ ದಾರಿಯೊಂದುಂಟು. ‘ನಿಲ್ಲು’ ಎಂದಲ್ಲಿ ನಿಂತು ಅಥವಾ ಕುಳಿತು, ಬಿಡುಗಡೆಯ ಮಾತು ಕೇಳುವವರೆಗೆ ಕದಲದ ನಾಯಿಯನ್ನು ರೂಪಿಸುವುದು ಆ ದಾರಿ. ಅದನ್ನು ವಿವರಿಸಲು ಇಲ್ಲಿ ಆರಿಸಿಕೊಂಡ ಸ್ಥಳ ಕಾನಲ್ಲ, ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ. ಕೇಳುವವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಈ ಸಭೆಯಲ್ಲಿ ಕುಳಿತವರ ಪೈಕಿ ಎಷ್ಟು ಮನೆಗಳ ಮಕ್ಕಳು ಈಗ ಆ ದಿಕ್ಕಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ ಎಂದು ಒಮ್ಮೆ ಎಣಿಸಿ ನೋಡಿ. ಅವರಲ್ಲಿ ಕೆಲವರು ಊರಿನ ಕುನ್ನಿಯನ್ನೂ ಜೊತೆಗೆ ಒಯ್ದಿದ್ದಾರೆ. ನಾಯಿಯ ಗಮನ ಕೆಡಿಸುವ ಸಂಗತಿಗಳು ಅಷ್ಟು ದಟ್ಟವಾಗಿ ಸೇರಿರುವ ಜಾಗವೂ ಬೇರೆ ಸಿಗದು. ಅಲ್ಲಿ ನಿಲ್ಲಲು ಕಲಿತ ನಾಯಿಯಿಂದ ಊರಿನವರು ತಿಳಿಯಬೇಕಾದದ್ದು ಬಹಳವಿದೆ.

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1978ರಲ್ಲಿ. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗಾ ಅವರ ಯೋಜನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಅದು ರೂಪುಗೊಂಡಿತು. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಎತ್ತರದ ಹೆದ್ದಾರಿ ಬಂತು, 2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ತೆರೆಯಿತು. ಆದರೂ ಕಾಡು ಅಲ್ಲಿಂದ ದೂರವಿಲ್ಲ. ಪಶ್ಚಿಮಕ್ಕೆ ಸುಮಾರು 260 ಚದರ ಕಿಲೋಮೀಟರ್ ವಿಸ್ತಾರದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಿದೆ. ಅದೇ ಹೊಸೂರು ರಸ್ತೆಯ ಕೂಡ್ಲು ಗೇಟ್ ಬಳಿ ಸೇರಿಕೊಂಡಿದ್ದ ಚಿರತೆಯೊಂದು 2023ರ ನವೆಂಬರ್ 1ರಂದು ಸೆರೆಹಿಡಿಯುವ ಕಾರ್ಯಾಚರಣೆಯ ಕೊನೆಗೆ ಸತ್ತುಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಟೋಲ್ ಕೇಂದ್ರದ ಬಳಿ ಮತ್ತೊಂದು ಚಿರತೆ ನಡುರಾತ್ರಿ ಕಳೆದ ಮೇಲೆ ರಸ್ತೆ ದಾಟಿದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ನಾಯಿಯ ಮಟ್ಟಿಗೆ ಮಲೆನಾಡಿನ ಅಪಾಯವೂ ಅಲ್ಲಿದೆ, ಲಾರಿಯ ಅಪಾಯವೂ ಇದೆ.

ಸಂಜೆ ಆರರ ಹೊತ್ತಿಗೆ ಅಲ್ಲಿಯ ಒಂದು ಬಡಾವಣೆಯ ರಸ್ತೆಯನ್ನು ಊಹಿಸಿಕೊಳ್ಳಿ. ಕಂಪನಿ ಬಸ್ಸುಗಳು ಸಾಲಾಗಿ ಬರುತ್ತವೆ. ಊಟದ ಪೊಟ್ಟಣ ಹೊತ್ತ ಬೈಕುಗಳು ಕಾಲ ಪಕ್ಕದಲ್ಲೇ ಸುಳಿಯುತ್ತವೆ, ಅವುಗಳ ಹಿಂದೆಯೇ ಬಿರಿಯಾನಿಯ ವಾಸನೆ. ಗೋಬಿ ಮಂಚೂರಿ ಗಾಡಿಯ ಅಡಿಯಲ್ಲಿ ಬಿದ್ದ ಚೂರುಗಳಿಗೆ ಕಾದ ಬೀದಿನಾಯಿಗಳ ಹಿಂಡು. ಚೆಂಡಾಡುವ ಮಕ್ಕಳು. ಇವೆಲ್ಲದರ ನಡುವೆ ಗೇಟಿನ ಪಕ್ಕ ಒಂದು ಕಂದು ಬಣ್ಣದ ನಾಟಿ ನಾಯಿ ಕುಳಿತಿದೆ. ಹಗ್ಗ ಸಡಿಲವಾಗಿ ನೆಲದ ಮೇಲೆ ಬಿದ್ದಿದೆ. ಯಜಮಾನ ಹತ್ತು ಹೆಜ್ಜೆಯಾಚೆ ತರಕಾರಿ ಆರಿಸುತ್ತಿದ್ದಾನೆ. ನಾಯಿಯ ಕಿವಿ ಬಸ್ಸಿನ ಕಡೆಗೆ ತಿರುಗುತ್ತದೆ, ಮೂಗು ಗಾಡಿಯ ಕಡೆಗೆ ತಿರುಗುತ್ತದೆ, ಕುಂಡೆ ಮಾತ್ರ ನೆಲ ಬಿಡುವುದಿಲ್ಲ. ಇಂತಹ ನಾಯಿ ಹುಟ್ಟುವುದಿಲ್ಲ. ಅದನ್ನು ತಿಂಗಳುಗಟ್ಟಲೆ ಕುಳಿತು ತಯಾರು ಮಾಡಬೇಕಾಗುತ್ತದೆ.

ಇದರ ಕಷ್ಟವನ್ನು ಬಹು ಹಿಂದೆಯೇ ಅರಿತವರು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್. ಅವರ ಗಂಟೆ ಮತ್ತು ಜೊಲ್ಲಿನ ಪ್ರಯೋಗ ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಮುಂದಿನ ಭಾಗ. ಸಹಾಯಕರು ಏಕಾಂತದಲ್ಲಿ ನಾಯಿಗೆ ಕಲಿಸಿದ ಪ್ರತಿಕ್ರಿಯೆಯನ್ನು ತೋರಿಸಲು ಪಾವ್ಲೋವರನ್ನು ಕರೆದರೆ, ಅವರು ಒಳಗೆ ಕಾಲಿಟ್ಟದ್ದೇ ತಡ, ನಾಯಿ ಕಲಿತದ್ದನ್ನೆಲ್ಲ ಮರೆತಂತೆ ವರ್ತಿಸುತ್ತಿತ್ತು. ಹೊಸಬರ ಆಗಮನವೇ ಅದಕ್ಕೆ ಅಡ್ಡಿ. ಹೊಸದೇನು ಕಂಡರೂ ಕಿವಿ ನೆಟ್ಟಗೆ ಮಾಡಿ ತಿರುಗುವ ಈ ಸ್ವಭಾವವನ್ನು ಅವರು ‘ಏನದು?’ ಎಂಬ ಪ್ರತಿವರ್ತನೆ ಎಂದು ಕರೆದರು. ಕಡೆಗೆ ಹೊರಗಿನ ಸದ್ದು, ಕಂಪನ ಒಳಬಾರದಂತೆ ಪೀಟರ್ಸ್‌ಬರ್ಗಿನಲ್ಲಿ ಒಂದು ವಿಶೇಷ ಪ್ರಯೋಗಾಲಯವನ್ನೇ ಕಟ್ಟಿಸಲಾಯಿತು. ಅದಕ್ಕೆ ‘ಮೌನಗೋಪುರ’ ಎಂದು ಹೆಸರು ಬಂತು. ಪಾವ್ಲೋವರ ನಾಯಿಯದು ತಾನಾಗಿ ಒಸರುವ ಜೊಲ್ಲು, ಇಲ್ಲಿಯದು ನಾಯಿ ತಾನೇ ಆಯ್ದುಕೊಳ್ಳುವ ನಡತೆ. ಎರಡೂ ಒಂದೇ ಅಲ್ಲ. ಆದರೆ ಅಡ್ಡಿಯ ಕತೆ ಒಂದೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೌನಗೋಪುರ ಕಟ್ಟಲಾಗದು. ಆದುದರಿಂದ ಸೆಳೆತಗಳನ್ನು ದೂರವಿಡುವ ಬದಲು ಅಳತೆ ಮಾಡಿ ಒಂದೊಂದಾಗಿ ಒಳಗೆ ತರಬೇಕು.

ಅಡಿಕೆ ಸಸಿಯನ್ನು ನೆರಳಿನಿಂದ ಒಮ್ಮೆಲೇ ಬಿಸಿಲಿಗೆ ಎತ್ತಿಟ್ಟರೆ ಎಲೆ ಸುಟ್ಟುಹೋಗುತ್ತದೆ. ದಿನಕ್ಕೆ ಇಷ್ಟಿಷ್ಟೆಂದು ಬಿಸಿಲು ಕಾಣಿಸಿ ಹದಗೊಳಿಸುವುದು ಎಲ್ಲ ತೋಟಿಗರೂ ಬಲ್ಲ ಕೆಲಸ. ನಾಯಿಯ ಪಾಠವೂ ಹಾಗೆಯೇ ಸಾಗುತ್ತದೆ.

ಪ್ರಾರಂಭ ಮನೆಯೊಳಗೆ, ಫ್ಯಾನು ಬಿಟ್ಟರೆ ಬೇರೇನೂ ಸದ್ದಿಲ್ಲದ ಕೋಣೆಯಲ್ಲಿ. ನಾಯಿಯನ್ನು ಕೂರಿಸಿ ‘ನಿಲ್ಲು’ ಎಂದು ಒಮ್ಮೆ ಮಾತ್ರ ಹೇಳಿ ಎರಡು ಸೆಕೆಂಡು ಕಾಯಬೇಕು. ಅದು ಏಳುವ ಮೊದಲೇ ತಿನಿಸು ಕೊಡಬೇಕು. ಬೇಯಿಸಿದ ಮೊಟ್ಟೆಯ ಚೂರು, ಒಣಮೀನಿನ ತುಣುಕು, ಚಪಾತಿ, ಯಾವುದಾದರೂ ಸರಿ. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷ, ಅವು ಕೂಡದು. ತಿನಿಸನ್ನು ನಾಯಿ ಕುಳಿತಲ್ಲಿಯೇ, ಅದರ ಮುಂಗಾಲುಗಳ ನಡುವೆ ಕೊಡಬೇಕು. ಬಹುತೇಕರು ತಪ್ಪುವುದು ಇಲ್ಲಿಯೇ. ದೂರ ಹೋಗಿ ‘ಬಾ’ ಎಂದು ಕರೆದು ತಿನ್ನಿಸಿದರೆ, ಎದ್ದು ಓಡಿಬಂದರೆ ತಿನ್ನಲು ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ. ಕೂತರೆ ಸಿಗುತ್ತದೆ ಎಂಬುದನ್ನು ಅದು ಕಲಿಯುವುದೇ ಇಲ್ಲ.

ಬಿಡುಗಡೆಗೆ ಪ್ರತ್ಯೇಕ ಮಾತೊಂದು ಬೇಕು. ‘ಆಯ್ತು’ ಎಂಬ ಮಾತು ಸಲ್ಲದು. ಕನ್ನಡಿಗರ ಮನೆಯಲ್ಲಿ ಗಂಟೆಗೆ ಇಪ್ಪತ್ತು ಸಲ ‘ಆಯ್ತು’ ಕೇಳಿಬರುತ್ತದೆ, ಫೋನಿನಲ್ಲಂತೂ ಇನ್ನೂ ಹೆಚ್ಚು. ದಿನಬಳಕೆಯಲ್ಲಿ ಇಲ್ಲದ ಮಾತೊಂದನ್ನು ಗೊತ್ತುಮಾಡಿಕೊಂಡು ಮನೆಯವರೆಲ್ಲ ಅದನ್ನೇ ಬಳಸಬೇಕು. ಅಜ್ಜಿ ‘ಕೂರು’ ಎಂದು, ಮೊಮ್ಮಗ ‘ಸ್ಟೇ’ ಎಂದು, ಕಾವಲುಗಾರ ‘ಬೈಠ್’ ಎಂದು ಹೇಳುತ್ತಿದ್ದರೆ ತಬ್ಬಿಬ್ಬಾಗುವುದು ನಾಯಿ, ಪೆಟ್ಟು ತಿನ್ನುವುದೂ ಅದೇ.

ಎರಡು ಸೆಕೆಂಡಿನಿಂದ ಐದಕ್ಕೆ, ಮತ್ತೆ ಮೂರಕ್ಕೆ, ಬಳಿಕ ಹತ್ತಕ್ಕೆ, ಪುನಃ ನಾಲ್ಕಕ್ಕೆ ಹೋಗಬೇಕು. ಏರುತ್ತಲೇ ಹೋದರೆ ನಾಯಿಗೆ ಪಾಠ ಬೇಸರವಾಗುತ್ತದೆ. ಕಾಲ ಅರ್ಧ ನಿಮಿಷ ದಾಟಿದ ಮೇಲೆ ದೂರ: ಒಂದು ಹೆಜ್ಜೆ ಹಿಂದೆ ಸರಿದು ಮರಳುವುದು, ನಂತರ ಎರಡು ಹೆಜ್ಜೆ, ನಂತರ ಬೆನ್ನು ತಿರುಗಿಸುವುದು. ಮೂರನೆಯದು ಸೆಳೆತ. ಇವು ಮೂರರಲ್ಲಿ ಒಂದನ್ನು ಹೆಚ್ಚಿಸುವಾಗ ಉಳಿದೆರಡನ್ನು ತಗ್ಗಿಸಬೇಕೆಂಬುದೇ ಈ ವಿದ್ಯೆಯ ತಿರುಳು. ಬಾಗಿಲು ತೆರೆಯುವುದನ್ನು ಮೊದಲ ಬಾರಿ ಕಾಣಿಸುವ ದಿನ ಯಜಮಾನ ನಾಯಿಯ ಪಕ್ಕದಲ್ಲೇ ಇರಬೇಕು, ಕಾಲ ಎರಡೇ ಸೆಕೆಂಡಿಗೆ ಇಳಿಯಬೇಕು. ಪಾಠ ಐದು ನಿಮಿಷ ಮೀರಬಾರದು. ದಿನಕ್ಕೆ ಎರಡು ಮೂರು ಪಾಠ ಸಾಕು.

ನಾಯಿ ಎದ್ದುಬಿಟ್ಟರೆ? ಬೈಯದೆ, ಹೊಡೆಯದೆ ಅದೇ ಜಾಗಕ್ಕೆ ಕರೆತಂದು ಕೂರಿಸಿ ಪಾಠವನ್ನು ಸುಲಭಗೊಳಿಸಬೇಕು. ಎರಡು ಬಾರಿ ಸತತವಾಗಿ ಎದ್ದರೆ ಪಾಠವೇ ಕಠಿಣವಾಗಿದೆ ಎಂದರ್ಥ. ಏಳುವ ಮುನ್ನ ಅದು ಸೂಚನೆ ಕೊಡುತ್ತದೆ. ತೆರೆದ ಬಾಯಿ ಮುಚ್ಚುತ್ತದೆ, ಕಿವಿ ಮುಂದಕ್ಕೆ ಬಾಗುತ್ತದೆ, ಮೈಭಾರ ಮುಂಗಾಲಿಗೆ ಬರುತ್ತದೆ. ಆ ಕ್ಷಣದಲ್ಲಿ ಮೆಲ್ಲಗೆ ಹೆಸರು ಕರೆದು, ಅದು ತಿರುಗಿ ಮುಖ ನೋಡಿದೊಡನೆ ತಿನಿಸು ಕೊಟ್ಟರೆ ಸೆಳೆತವೇ ಪಾಠದ ಭಾಗವಾಗುತ್ತದೆ. ದಿನಗಳೆದಂತೆ ಬಸ್ಸು ಕಂಡ ನಾಯಿ ತಾನಾಗಿಯೇ ಯಜಮಾನನ ಕಡೆ ತಿರುಗುವುದು ಕಾಣುತ್ತದೆ.

ಇನ್ನೊಂದು ಸಂಗತಿ ಎಲ್ಲರನ್ನೂ ಬೇಸ್ತು ಬೀಳಿಸುತ್ತದೆ. ಕೋಣೆಯಲ್ಲಿ ಐದು ನಿಮಿಷ ಕದಲದೆ ಕೂತ ನಾಯಿ ಮೆಟ್ಟಿಲ ಬಳಿ ಐದು ಸೆಕೆಂಡೂ ಕೂರುವುದಿಲ್ಲ. ಅದು ಮೊಂಡುತನವಲ್ಲ. ನಾಯಿ ಮಾತನ್ನು ಕಲಿಯುವಾಗ ಜಾಗವನ್ನೂ ಕೂಡಿಸಿಯೇ ಕಲಿಯುತ್ತದೆ. ಮೆಟ್ಟಿಲು, ಗೇಟು, ರಸ್ತೆಬದಿ, ಪ್ರತಿಯೊಂದರಲ್ಲೂ ಮೊದಲಿನಿಂದ ಆರಂಭಿಸಬೇಕು. ಪ್ರತಿ ಬಾರಿಯೂ ಬೇಗ ಮುಗಿಯುತ್ತದೆಂಬುದೇ ಸಮಾಧಾನ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದಕ್ಕೆ ಸೂಕ್ತ ಕಾಲ ಭಾನುವಾರದ ಮುಂಜಾನೆ. ಕಂಪನಿ ಬಸ್ಸುಗಳು ಕಡಿಮೆ, ಡಾಂಬರೂ ತಣ್ಣಗಿರುತ್ತದೆ. ಮಧ್ಯಾಹ್ನದ ಡಾಂಬರಿನ ಮೇಲೆ ಕೂರಲಾರದೆ ನಾಯಿ ಎದ್ದರೆ ತಪ್ಪು ಅದರದಲ್ಲ. ಭಾನುವಾರ ಮುಂಜಾನೆ ಗಟ್ಟಿಯಾದ ಪಾಠವನ್ನು ವಾರದ ದಿನದ ಮುಂಜಾನೆಗೆ, ಅಲ್ಲಿಂದ ಸಂಜೆಗೆ ಸಾಗಿಸಬೇಕು. ಅಲ್ಲಿಯವರೆಗೂ, ಅದರ ನಂತರವೂ, ರಸ್ತೆಬದಿಯಲ್ಲಿ ಹದಿನೈದು ಇಪ್ಪತ್ತು ಅಡಿಯ ಹಗ್ಗ ಕುತ್ತಿಗೆಯಲ್ಲಿರಬೇಕು, ಅದರ ತುದಿ ಯಜಮಾನನ ಕಾಲಡಿಯಲ್ಲಿರಬೇಕು. ಲಾರಿಯ ಮುಂದೆ ಪರೀಕ್ಷೆ ನಡೆಸುವಂತಿಲ್ಲ.

ಆಸೆಯ ಸೆಳೆತ ಬೇರೆ, ಭಯ ಬೇರೆ. ಗೋಬಿ ಚೂರನ್ನು ಕಂಡು ಏಳುವ ನಾಯಿಗೆ ಅಭ್ಯಾಸ ಸಾಲದು. ದೀಪಾವಳಿಯ ಪಟಾಕಿಗೆ ನಡುಗಿ ಏಳುವ ನಾಯಿಗೆ ಅಭ್ಯಾಸ ಮದ್ದಲ್ಲ, ಅದನ್ನು ಒಳಗೆ ಕರೆದೊಯ್ಯಬೇಕು. ಬೀದಿನಾಯಿಗಳ ಹಿಂಡು ಹಲ್ಲು ತೋರಿಸುತ್ತ ಮೇಲೆ ಬಂದಾಗಲೂ ಅಷ್ಟೇ. ಕೂರಿಸಿದವನೇ ನಡುವೆ ನಿಂತು, ಬಿಡುಗಡೆಯ ಮಾತು ಹೇಳಿ ನಾಯಿಯನ್ನು ಅಲ್ಲಿಂದ ಒಯ್ಯಬೇಕು. ಕೂತಾಗ ಒಮ್ಮೆ ಕಚ್ಚಿಸಿಕೊಂಡ ನಾಯಿ ಮತ್ತೆ ಆ ಮಾತನ್ನು ನಂಬುವುದು ಕಷ್ಟ.

ಬೆಂಗಳೂರಿನ ಹೊರವಲಯದ ತರಳು ಗ್ರಾಮದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ಶ್ವಾನ ತರಬೇತಿ ಶಾಲೆ 2011ರಿಂದ ನಡೆಯುತ್ತಿದೆ. ಅಲ್ಲಿ ತಯಾರಾದ ಬೆಲ್ಜಿಯನ್ ಮ್ಯಾಲಿನಾಯ್ಸ್ ನಾಯಿಗಳು ನಕ್ಸಲ್ ಪೀಡಿತ ಕಾಡುಗಳಲ್ಲಿ ಪಡೆಯೊಂದಿಗೆ ದುಡಿದಿವೆ. ಆ ನಾಯಿಗಳೂ ಕೆಲಸ ಮಾಡುವುದು ತಮ್ಮ ಜೊತೆಗಾರನ ಸಂಗಡವೇ. ಯಜಮಾನ ಮನೆಯೊಳಗೆ ಮಲಗಿ, ‘ನಾಯಿಗೆ ನಿಲ್ಲಲು ಕಲಿಸಿದೆ, ಇನ್ನು ಕಾನಿಗೆ ಹೋಗದು’ ಎಂದುಕೊಂಡರೆ ಅದು ನಾಯಿಯಿಂದ ಅತಿಯಾಗಿ ನಿರೀಕ್ಷಿಸಿದಂತೆ. ಅಟ್ಟಿಸಿಕೊಂಡು ಹೋಗುವ ಸುಖವೇ ನಾಯಿಗೆ ದೊಡ್ಡ ಬಹುಮಾನ, ಒಣಮೀನು ಅದರ ಮುಂದೆ ಏನೂ ಅಲ್ಲ. ರಾತ್ರಿ ನಾಯಿಯನ್ನು ಒಳಗೆ ಸೇರಿಸಿ ಬಾಗಿಲು ಹಾಕುವುದೇ ಚಿರತೆಯಿಂದ ರಕ್ಷಣೆ. ‘ನಿಲ್ಲು’ ಎಂಬುದು ಹಗಲಿನ ವಿದ್ಯೆ.

ಆ ಹಗಲಿಗೆ ಊರಿನಲ್ಲಿ ಪಾಠ ಹೇಗೆ? ಕಾಡುಕುರಿಯನ್ನು ಬೇಕೆಂದಾಗ ಅಂಗಳಕ್ಕೆ ಕರೆಸಲಾಗದು. ಆದರೆ ಅಂಗಳದಲ್ಲಿ ಕೋಳಿಗಳಿವೆ, ಸಂಜೆ ಮೇವು ಮುಗಿಸಿ ಮರಳುವ ದನಗಳಿವೆ, ಶಾಲೆಯಿಂದ ಓಡಿಬರುವ ಮಕ್ಕಳಿದ್ದಾರೆ, ಅಡಿಕೆ ಮರದಲ್ಲಿ ಮುಷ್ಯಗಳಿವೆ. ಜಗಲಿಯ ಮೇಲೆ ಕುಳಿತು ದೂರದ ಕೋಳಿಯನ್ನು ನೋಡುವುದರಿಂದ ಆರಂಭಿಸಿ, ವಾರಗಳ ಬಳಿಕ ಕೋಳಿ ಮೂಗಿನ ಮುಂದೆ ಹಾದರೂ ಕೂರುವ ಮಟ್ಟಕ್ಕೆ ಬರಬಹುದು. ಅನಂತರ ದಣಪೆಯ ಬಳಿ ಪಾಠ. ದಣಪೆ ತೆಗೆದಾಗ ನಾಯಿ ಕೂರಬೇಕು, ಯಜಮಾನ ದಾಟಿ ಆಚೆ ನಿಂತು ಕರೆದಾಗಲೇ ದಾಟಬೇಕು. ದಣಪೆಯಿಂದಾಚೆಯ ದಾರಿ ತನ್ನ ಇಷ್ಟಕ್ಕೆ ತೆರೆಯುವುದಲ್ಲ ಎಂದು ತಿಳಿದ ನಾಯಿಯೊಂದಿಗೆ ಬ್ಯಾಣಕ್ಕೆ ಹೋಗುವುದು ಹಗುರವಾದ ಕೆಲಸ. ಪೊದೆಯಿಂದ ಕಾಡುಕೋಳಿ ಹಾರಿದಾಗ ನಾಯಿ ಒಂದು ಕ್ಷಣ ತಡೆದು ಹಿಂದಿರುಗಿ ನೋಡುತ್ತದೆ. ಹೇಳಲು ಆ ಒಂದು ಕ್ಷಣ ಸಾಕಾಗುತ್ತದೆ.

ವಯಸ್ಸಾದ ನಾಯಿಗೆ ಕಲಿಸಬಹುದೇ ಎಂದು ಕೇಳುವವರುಂಟು. ಕಲಿಸಬಹುದು. ವರ್ಷಗಟ್ಟಲೆ ಕಾನು ತಿರುಗಿದ ನಾಯಿಗೆ ಹೆಚ್ಚು ಕಾಲ ಹಿಡಿಯುತ್ತದೆ, ಹಗ್ಗ ಹೆಚ್ಚು ದಿನ ಬೇಕಾಗುತ್ತದೆ. ಆರು ತಿಂಗಳೊಳಗಿನ ಮರಿಯಿಂದ ಕೆಲವೇ ಸೆಕೆಂಡು ನಿರೀಕ್ಷಿಸಿದರೆ ಸಾಕು.

ಕೊನೆಗೆ, ನಗರದಲ್ಲಿಯೂ ಊರಿನಲ್ಲಿಯೂ ಪಾಠ ಕೆಡುವ ಸಾಮಾನ್ಯ ಸಂದರ್ಭ ಒಂದೇ. ನಾಯಿಯನ್ನು ಕೂರಿಸಿದ ಯಜಮಾನನಿಗೆ ದಾರಿಯಲ್ಲಿ ಯಾರೋ ಪರಿಚಿತರು ಸಿಗುತ್ತಾರೆ, ಅಥವಾ ಫೋನು ಬರುತ್ತದೆ. ಮಾತು ಬೆಳೆಯುತ್ತದೆ, ನಾಯಿಯ ನೆನಪು ಹೋಗುತ್ತದೆ. ಕಾದು ಕಾದು ನಾಯಿ ತಾನೇ ಎದ್ದು ಹೊರಡುತ್ತದೆ, ಯಾರೂ ಗಮನಿಸುವುದಿಲ್ಲ. ಬಿಡುಗಡೆಯ ಮಾತಿಲ್ಲದೆಯೂ ಏಳಬಹುದೆಂದು ಅದು ಅಂದು ಕಲಿಯಿತು, ಒಂದು ತಿಂಗಳ ಶ್ರಮ ವ್ಯರ್ಥವಾಯಿತು. ಆದುದರಿಂದ ಫೋನು ಬಂದರೆ ಮೊದಲು ಬಿಡುಗಡೆಯ ಮಾತು ಹೇಳಿ ಹಗ್ಗ ಕೈಗೆತ್ತಿಕೊಳ್ಳಿ. ‘ಹಲೋ’ ಎನ್ನುವುದು ಆಮೇಲೆ.