ರಕ್ತದ ಸಕ್ಕರೆಯ ಏರಿಳಿತವೂ ನಮ್ಮ ಊಟವೂ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಕ್ಕರೆ ಕಾಯಿಲೆಯ ವಿಷಯವನ್ನು ತಾವೆಲ್ಲರೂ ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಆ ಕಾಯಿಲೆ ಇಲ್ಲದವರ ವಿಷಯ. ಅಂಥವರಲ್ಲಿಯೂ ರಕ್ತದಲ್ಲಿರುವ ಸಕ್ಕರೆ ಬೇಗನೆ ಏರಿ, ಅಷ್ಟೇ ಬೇಗನೆ ಇಳಿಯುವುದುಂಟು. ಇದಕ್ಕೆ ಹೆಚ್ಚಿನವರಿಗೆ ಔಷಧಿ ಬೇಕಿಲ್ಲ. ಊಟದ ಕ್ರಮವನ್ನು ಸರಿಪಡಿಸಿಕೊಂಡರೆ ಸಾಕು.

ನಸುಕಿನಲ್ಲಿ ಎದ್ದು ಎರಡು ಲೋಟ ಸಿಹಿ ಟೀ ಕುಡಿದು, ನಾಲ್ಕು ಬಿಸ್ಕತ್ತು ತಿಂದು ಹೊಲಕ್ಕೆ ಹೋಗುವವರು ನಮ್ಮಲ್ಲಿ ಅನೇಕರಿದ್ದಾರೆ. ಹತ್ತು ಗಂಟೆಯ ಹೊತ್ತಿಗೆ ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಣ್ಣು ಕತ್ತಲಿಟ್ಟಂತಾಗುತ್ತದೆ. ಆಗ ಮತ್ತೊಂದು ಲೋಟ ಟೀ ಕುಡಿದರೆ ಜೀವ ಬಂದಂತಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಕಥೆ. ಇದು ಬರಿಯ ಸುಸ್ತು ಎಂದು ಬಿಡುವಂತಿಲ್ಲ. ಕೈಯಲ್ಲಿ ಕುಡುಗೋಲು ಇರುವಾಗ, ಬಾವಿಯ ಕಟ್ಟೆಯ ಮೇಲೆ ನಿಂತಿರುವಾಗ, ಟ್ರ್ಯಾಕ್ಟರ್ ನಡೆಸುವಾಗ ತಲೆ ತಿರುಗಿದರೆ ಪ್ರಾಣಕ್ಕೇ ಅಪಾಯ.

ಇದೇಕೆ ಹೀಗಾಗುತ್ತದೆ? ದೊಡ್ಡವರೊಬ್ಬರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಬರಿಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿರುವ ಸಕ್ಕರೆ ಒಂದು ಸಣ್ಣ ಚಮಚದಷ್ಟು ಮಾತ್ರ. ಬರಿಹೊಟ್ಟೆಗೆ ಸಿಹಿ ಟೀ, ಮೈದಾ ಬಿಸ್ಕತ್ತು ಬಿದ್ದಾಗ ಹಲವು ಚಮಚದಷ್ಟು ಸಕ್ಕರೆ ಒಟ್ಟಿಗೇ ರಕ್ತಕ್ಕೆ ನುಗ್ಗುತ್ತದೆ. ಅದನ್ನು ಹತೋಟಿಗೆ ತರಲು ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸುರಿಸುತ್ತದೆ. ಕೆಲವರಲ್ಲಿ ಇದು ಅಗತ್ಯಕ್ಕಿಂತ ಹೆಚ್ಚಾಗಿ, ಉಂಡ ಎರಡರಿಂದ ನಾಲ್ಕು ಗಂಟೆಗಳಲ್ಲಿ ಸಕ್ಕರೆ ತೀರ ಕೆಳಗಿಳಿಯುತ್ತದೆ. ಜೊತೆಗೆ ಅಗೆತದ ಕೆಲಸವೂ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ.

ಕೆರೆಯ ತೂಬನ್ನು ಪೂರ್ತಿ ಎತ್ತಿದರೆ ಏನಾಗುತ್ತದೆಂದು ತಮಗೆ ಹೇಳಬೇಕಾಗಿಲ್ಲ. ನೀರು ಬದುವನ್ನು ಒಡೆದು ಹರಿದುಹೋಗುತ್ತದೆ, ಪೈರು ಮತ್ತೆ ಒಣಗುತ್ತದೆ. ಅಳತೆಯಿಂದ ಬಿಟ್ಟ ನೀರು ದಿನವಿಡೀ ಪೈರಿಗೆ ಸಿಗುತ್ತದೆ. ಆಹಾರದ ವಿಷಯವೂ ಹೀಗೆಯೇ. ಆದುದರಿಂದ ನಿಧಾನವಾಗಿ ಜೀರ್ಣವಾಗುವ ಆಹಾರವನ್ನು ಸರಿಯಾದ ಹೊತ್ತಿಗೆ ತಿನ್ನಬೇಕು. ಇದಕ್ಕೆ ಮಾಡಬೇಕಾದುದು ಇಷ್ಟು.

ಮೊದಲನೆಯದಾಗಿ, ಹೊಟ್ಟೆಗೆ ಹಾಕಿಕೊಳ್ಳದೆ ಹೊಲಕ್ಕೆ ಹೋಗಬೇಡಿ. ರಾಗಿ ರೊಟ್ಟಿ, ಜೋಳದ ರೊಟ್ಟಿ, ಮುದ್ದೆ, ಯಾವುದಾದರೂ ಆಗಬಹುದು. ಜೊತೆಗೆ ಕಾಳಿನ ಪಲ್ಯವೋ ಸೊಪ್ಪಿನ ಸಾರೋ ಇರಲಿ. ಅಷ್ಟು ಬೇಗ ಉಣ್ಣಲು ಆಗದವರು ಬುತ್ತಿ ಕಟ್ಟಿಕೊಂಡು ಹೋಗಿ, ನಡುಕ ಬರುವ ಮೊದಲೇ ಬಿಚ್ಚಿ ಉಣ್ಣಿರಿ.

ಎರಡನೆಯದಾಗಿ, ತಟ್ಟೆಯಲ್ಲಿ ಕಾಳು ಮತ್ತು ಸೊಪ್ಪು ಹೆಚ್ಚಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗೆಂದು ರಾಗಿಯನ್ನು ಎಷ್ಟು ತಿಂದರೂ ಆದೀತೆಂದು ತಿಳಿಯಬಾರದು. ದೊಡ್ಡ ಮುದ್ದೆಗೆ ತಿಳಿಸಾರು ಮಾತ್ರ ಬಿಟ್ಟುಕೊಂಡರೆ ಸಕ್ಕರೆ ಏರಿಯೇ ಏರುತ್ತದೆ. ನುಣ್ಣಗೆ ಬೀಸಿದ ಹಿಟ್ಟಿಗೆ ಬೆಲ್ಲ ಬೆರೆಸಿ ಕುಡಿದರಂತೂ ಇನ್ನೂ ಬೇಗ ಏರುತ್ತದೆ. ಮುದ್ದೆ ಸ್ವಲ್ಪ ಚಿಕ್ಕದಾಗಲಿ. ಹುರುಳಿ, ಅವರೆ, ಅಲಸಂದೆ, ಹೆಸರುಕಾಳು ಹೆಚ್ಚಾಗಲಿ. ಅನ್ನ ಉಣ್ಣುವವರು ಮೊದಲು ಸೊಪ್ಪು, ಪಲ್ಯ, ಕಾಳು ತಿಂದು ಆಮೇಲೆ ಅನ್ನ ಉಂಡರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಮೂರನೆಯದಾಗಿ, ಟೀಗೆ ಹಾಕುವ ಸಕ್ಕರೆಯನ್ನು ತಗ್ಗಿಸಿರಿ. ಸೇರಿಸುವ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಸಣ್ಣ ಚಮಚದೊಳಗೆ ಇದ್ದರೆ ಒಳ್ಳೆಯದೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಲೋಟ ಕುಡಿದರೆ ಹತ್ತು ಚಮಚವಾಯಿತು. ಬೆಲ್ಲ ಹಾಕಿದರೆ ತೊಂದರೆಯಿಲ್ಲ ಎಂಬ ಮಾತು ಸರಿಯಲ್ಲ. ಅದೂ ಬಹುಪಾಲು ಸಕ್ಕರೆಯೇ. ನಡುವೆ ಹಸಿವಾದರೆ ಕಡಲೆಕಾಯಿ, ಹುರಿಗಡಲೆ, ಮಜ್ಜಿಗೆ, ಸೀಬೆಹಣ್ಣು ಒಳ್ಳೆಯವು.

ನಾಲ್ಕನೆಯದಾಗಿ, ಬರಿಹೊಟ್ಟೆಯಲ್ಲಿ ಮದ್ಯ ಕುಡಿಯುವುದು ಬಹಳ ಅಪಾಯಕರ. ಹೊಟ್ಟೆ ಖಾಲಿ ಇದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವ ಕೆಲಸ ಯಕೃತ್ತಿನದು. ಮದ್ಯವು ಆ ಕೆಲಸಕ್ಕೆ ಅಡ್ಡಿ ಮಾಡುತ್ತದೆ.

ತಾಯಂದಿರಿಗೆ ಒಂದು ಮಾತು. ಮನೆಮಂದಿಯೆಲ್ಲ ಉಂಡ ಮೇಲೆ, ಹೊತ್ತು ಮೀರಿ, ಮಿಕ್ಕ ಅನ್ನಕ್ಕೆ ತಿಳಿಸಾರು ಕಲಸಿ ಉಣ್ಣುವವರು ತಾವು. ಕಾಳೆಲ್ಲ ಗಂಡಸರ ಮತ್ತು ಮಕ್ಕಳ ತಟ್ಟೆಗೆ ಹೋಗಿರುತ್ತದೆ. ಕಳೆ ಕೀಳುವುದಕ್ಕೆ ತಾವೂ ಹೋಗುತ್ತೀರಿ. ಎಲ್ಲರ ಜೊತೆಯಲ್ಲಿಯೇ ಕುಳಿತು ಉಣ್ಣಿರಿ. ಹಾಗೆ ನಡೆಯುವಂತೆ ನೋಡಿಕೊಳ್ಳುವುದು ಮನೆಯ ಗಂಡಸರ ಕರ್ತವ್ಯ.

ನಡುಕ ಬಂದೇಬಿಟ್ಟರೆ ಏನು ಮಾಡಬೇಕು? ಕೆಲಸ ನಿಲ್ಲಿಸಿ ನೆರಳಿನಲ್ಲಿ ಕುಳಿತುಕೊಳ್ಳಿ. ಒಂದು ಬಾಳೆಹಣ್ಣನ್ನೋ ಸಣ್ಣ ಚೂರು ಬೆಲ್ಲವನ್ನೋ ತಿಂದು, ಅದರ ಹಿಂದೆಯೇ ಬುತ್ತಿ ಉಣ್ಣಿರಿ. ಸಿಹಿಯಷ್ಟನ್ನೇ ತಿಂದು ಎದ್ದರೆ ನಡುಕ ಮತ್ತೆ ಬರಬಹುದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಬೆವರು, ನಡುಕ ಬಂದಾಗಲೆಲ್ಲ ಅದು ಸಕ್ಕರೆಯ ಇಳಿತವೇ ಎಂದು ತಿಳಿಯಬೇಡಿ. ಕೀಟನಾಶಕ ಸಿಂಪಡಿಸುವಾಗ ಅಥವಾ ಸಿಂಪಡಿಸಿದ ಮೇಲೆ ಬೆವರು, ತಲೆಸುತ್ತು, ವಾಂತಿ, ಜೊಲ್ಲು ಬಂದರೆ ಅದು ವಿಷವೇರಿದ ಗುರುತಿರಬಹುದು. ಟೀ ಕುಡಿಯುತ್ತ ಕೂರದೆ ಔಷಧಿಯ ಡಬ್ಬಿ ಸಹಿತ ಆಸ್ಪತ್ರೆಗೆ ಹೋಗಿರಿ. ರಕ್ತಹೀನತೆಯಿಂದಲೂ ಬಿಸಿಲಿನ ಝಳದಿಂದಲೂ ಇಂತಹ ಸುಸ್ತು ಬರುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಡುಕ ಬಂದೊಡನೆ ಸಕ್ಕರೆ ತಿಂದು ವೈದ್ಯರನ್ನು ಕಾಣಬೇಕು.

ನಡುಕ ಪದೇಪದೇ ಬರುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 70ರಿಂದ 99 ಮಿಲಿಗ್ರಾಂ ಸಕ್ಕರೆ ಇದ್ದರೆ ಸರಿ. 100ರಿಂದ 125 ಇದ್ದರೆ ಎಚ್ಚರಿಕೆ ಬೇಕು. 126 ಅಥವಾ ಹೆಚ್ಚಾದರೆ ಮತ್ತೊಮ್ಮೆ ಪರೀಕ್ಷಿಸಿ ಸಕ್ಕರೆ ಕಾಯಿಲೆಯೆಂದು ವೈದ್ಯರು ನಿರ್ಧರಿಸುತ್ತಾರೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದೂ ಕೆಲವರಿಗೆ ಹೀಗಾಗುವುದುಂಟು. ಅವರಿಗೂ ಈ ಊಟದ ಕ್ರಮ ಹಿತವೇ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹೊಸ ತಳಿಯನ್ನು ತಾವು ಮೊದಲು ಒಂದೆರಡು ಗುಂಟೆಯಲ್ಲಿ ಬಿತ್ತಿ ನೋಡುತ್ತೀರಿ. ಹಾಗೆಯೇ ಈ ಕ್ರಮವನ್ನು ಹದಿನೈದು ದಿನ ನಡೆಸಿ ನೋಡಿರಿ. ಗುಣ ಕಂಡರೆ ಮುಂದುವರಿಸಿ, ನೆರೆಯವರಿಗೂ ತಿಳಿಸಿರಿ.