ವಿದ್ಯುನ್ಮಾನ ನಾದವೂ ಸಂಗೀತಾಭ್ಯಾಸವೂ



ಕನ್ನಡ ಪಂಡಿತನಿಗೆ ಯಂತ್ರಸಂಗೀತದ ಗೊಡವೆ ಏಕೆಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ನಕ್ಕಿರಬಹುದು. ಪನಮರದ ನಮ್ಮ ಮಕ್ಕಳು ಇಂದು ಕೀಬೋರ್ಡನ್ನೂ ಮೊಬೈಲನ್ನೂ ಜೋಡಿಸಿಕೊಂಡು ತಾವೇ ಹಾಡು ಕಟ್ಟುತ್ತಿದ್ದಾರೆ. ಇವರನ್ನು ಸಂಗೀತಪಾಠಕ್ಕೆ ಕಳುಹಿಸಬೇಕೇ, ಕಳುಹಿಸಿದರೆ ಇರುವ ಕಲ್ಪನೆಯೂ ಬತ್ತೀತೇ ಎಂದು ತಂದೆತಾಯಂದಿರು ಕೇಳುತ್ತಾರೆ. ಕಾಫಿ ಮೆಣಸಿನ ಆದಾಯದಲ್ಲಿ ಪಾಠದ ಹಣ ಹೊಂದಿಸಬೇಕಾದವರಿಗೆ ಇದು ಒಣಚರ್ಚೆಯಲ್ಲ.

ಒಂದೇ ಯಂತ್ರದ ಎರಡು ಕಥೆಗಳನ್ನು ಕೇಳಿರಿ. ಜಪಾನಿನ ರೋಲ್ಯಾಂಡ್ ಸಂಸ್ಥೆಯವರು ಗಿಟಾರಿನ ಮಂದ್ರಧ್ವನಿಯನ್ನು ಅನುಕರಿಸಲೆಂದು ಟಿಬಿ-೩೦೩ ಎಂಬ ಪೆಟ್ಟಿಗೆಯನ್ನು ಮಾಡಿದರು. ಅನುಕರಣೆ ಸರಿಹೋಗಲಿಲ್ಲ, ೧೯೮೪ರಲ್ಲಿ ತಯಾರಿಕೆಯೇ ನಿಂತಿತು. ಅಷ್ಟರೊಳಗೆ ಮುಂಬಯಿಯ ಚಲಚ್ಚಿತ್ರ ವಾದ್ಯವೃಂದಗಳಲ್ಲಿ ಪಳಗಿದ್ದ ಚರಣಜಿತ್ ಸಿಂಗ್ ಅವರು ೧೯೮೨ರಲ್ಲಿ ಅದನ್ನೂ ಅದರ ಜೊತೆಯ ಯಂತ್ರಗಳನ್ನೂ ಬಳಸಿ ಹತ್ತು ರಾಗಗಳ ಧ್ವನಿಮುದ್ರಿಕೆಯನ್ನು ಹೊರತಂದಿದ್ದರು. ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯ ಆ ಪೆಟ್ಟಿಗೆಯಲ್ಲಿತ್ತು. ರಾಗವನ್ನು ಬಲ್ಲ ಕಿವಿಗೆ ಅದರ ಬೆಲೆ ತಿಳಿಯಿತು. ಆಗ ಕೊಂಡವರು ಕಡಿಮೆ. ೨೦೧೦ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಏಕೆಂದರೆ ೧೯೮೭ರಲ್ಲಿ ಅಮೆರಿಕದ ಚಿಕಾಗೋ ನಗರದ ಕೆಲವು ತರುಣರು ಅದೇ ಪೆಟ್ಟಿಗೆಯ ಗುಂಡಿಗಳನ್ನು ಯದ್ವಾತದ್ವಾ ತಿರುಗಿಸಿ ಹೊಸದೊಂದು ನೃತ್ಯಸಂಗೀತಕ್ಕೆ ನಾಂದಿ ಹಾಡಿದ್ದರು. ಒಬ್ಬರಿಗೆ ದಾರಿ ತೋರಿದ್ದು ಅಭ್ಯಾಸ, ಇನ್ನೊಬ್ಬರಿಗೆ ಹುಡುಗಾಟ. ಆದರೂ ಚಿಕಾಗೋದವರು ಹೊಸ ನಾದವನ್ನು ಕಂಡರು. ರಾಗವನ್ನು ಅವರು ಕಟ್ಟಲಿಲ್ಲ, ಕಟ್ಟಬೇಕೆಂದೂ ಹೊರಟವರಲ್ಲ.

ನಮ್ಮ ಬೆಂಗಳೂರಿನ ನಿದರ್ಶನ ಇನ್ನೂ ಹತ್ತಿರದ್ದು. ವಿದ್ಯುನ್ಮಾನ ತಂಬೂರಿಯನ್ನು ೧೯೭೯ರಲ್ಲಿ ನಿರ್ಮಿಸಿದ ರಾಜ್ ನಾರಾಯಣ್ ಅವರು ಇಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. ಷಡ್ಜವು ಸೆಕೆಂಡಿಗೆ ೨೪೦ ಕಂಪನಗಳಾದರೆ ಶುದ್ಧವಾದ ಅಂತರ ಗಾಂಧಾರ ೩೦೦. ಕೀಬೋರ್ಡಿನ ಸಮಪಾಲಿನ ಹನ್ನೆರಡು ಮನೆಗಳಲ್ಲಿ ಅದು ೩೦೨.೪. ತಂಬೂರಿಯ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಹೊಮ್ಮುವುದನ್ನು ಕೇಳಿದವನಿಗೆ ಮಾತ್ರ ಆ ಎರಡೂಚಿಲ್ಲರೆ ಕಂಪನಗಳು ಚುಚ್ಚುತ್ತವೆ. ಕೇಳದವನಿಗೆ ಯಂತ್ರ ಕೊಟ್ಟದ್ದೇ ಶ್ರುತಿ.

ಹಾಗೆಂದು ಅಭ್ಯಾಸದಲ್ಲಿ ಕುಂದೇ ಇಲ್ಲವೆನ್ನಲಾರೆ. ಮಾಯಾಮಾಳವಗೌಳದ ಸರಳೆ ಜಂಟೆಗಳು ಶ್ರುತಿ, ಸ್ವರ, ಲಯಗಳನ್ನು ಕಲಿಸುತ್ತವೆ. ನಾದದ ಬಣ್ಣವನ್ನು ಕುರಿತು ಬಾಯಿಬಿಡುವುದಿಲ್ಲ. ಯಂತ್ರಸಂಗೀತದ ಸಾಮಗ್ರಿಯೇ ಆ ಬಣ್ಣ. ಆದುದರಿಂದಲೇ ಪಾಠವಾದವನು ಹೊಸ ಯಂತ್ರದ ಮುಂದೆ ಕುಳಿತು ಅದರಲ್ಲಿ ವೀಣೆಯನ್ನೋ ಕೊಳಲನ್ನೋ ಹುಡುಕುತ್ತಾನೆ. ಅವು ನಿಜವಾದ ವೀಣೆ ಕೊಳಲುಗಳಷ್ಟು ಚೆನ್ನಾಗಿಲ್ಲವೆಂದು ಬೇಸರಪಟ್ಟು ಏಳುತ್ತಾನೆ. (ಇಂಥವರ ಉಪನ್ಯಾಸಗಳನ್ನು ನಾನು ಸಾಕಷ್ಟು ಕೇಳಿದ್ದೇನೆ.) ಪಾಠವಿಲ್ಲದ ಹುಡುಗನಿಗೆ ಈ ತೊಡಕಿಲ್ಲ.

ನನ್ನ ಕಸುಬು ಛಂದಸ್ಸು. ಅಲ್ಲಿಂದಲೇ ಒಂದು ಮಾತು. ಕನ್ನಡ ಕಾವ್ಯಕ್ಕೆ ಶತಮಾನಗಳಿಂದ ಅಂಟಿಬಂದ ದ್ವಿತೀಯಾಕ್ಷರ ಪ್ರಾಸವನ್ನು ೧೯೧೧ರಲ್ಲಿ ಕೈಬಿಟ್ಟವರು ಗಡಿನಾಡಿನವರೇ ಆದ ಮಂಜೇಶ್ವರದ ಗೋವಿಂದ ಪೈಗಳು. ಅವರು ಪ್ರಾಸ ಬಾರದವರಲ್ಲ; ಹಳಗನ್ನಡವನ್ನು ಅರೆದು ಕುಡಿದವರು. ಯಾವುದನ್ನು ಬಿಟ್ಟರೂ ಪದ್ಯ ನಿಲ್ಲುತ್ತದೆ, ಯಾವುದನ್ನು ಬಿಟ್ಟರೆ ಕುಸಿಯುತ್ತದೆ ಎಂಬ ವಿವೇಕ ಅವರಿಗೆ ಆ ಅಭ್ಯಾಸದಿಂದಲೇ ಬಂದಿತ್ತು.

ಇನ್ನು ಶಿಕ್ಷಣವೆಂದರೆ ಪುಸ್ತಕ ಮತ್ತು ಪರೀಕ್ಷೆಯಷ್ಟೇ ಎಂದು ತಿಳಿಯಬೇಕಾಗಿಲ್ಲ. ಇಲ್ಲಿನ ಪಣಿಯರು ತುಡಿಯನ್ನೂ ಚೀನಿಯನ್ನೂ ಹಿರಿಯರ ಮಗ್ಗುಲಲ್ಲಿ ಕುಳಿತು, ಕಿವಿಯಿಂದ ಕೈಗೆ ಇಳಿಸಿಕೊಳ್ಳುತ್ತಾರೆ. ಯಾವ ವಿದ್ಯಾಲಯವೂ ಪ್ರಮಾಣಪತ್ರ ಕೊಡದ ಆ ಲಯವನ್ನು ಕಲಿಯದವನು ಬಾರಿಸಲಾರನು.

ಆದಕಾರಣ ಪಾಠಕ್ಕೆ ಕಳುಹಿಸಿರಿ, ಯಂತ್ರವನ್ನು ಕಸಿದುಕೊಳ್ಳಬೇಡಿರಿ. ವರಸೆ ಮುಗಿಯುವವರೆಗೆ ಕೀಬೋರ್ಡನ್ನು ಮುಟ್ಟಕೂಡದೆಂಬ ಗುರುಗಳಿದ್ದರೆ ಬೇರೆ ಗುರುಗಳನ್ನು ಅರಸುವುದು ಲೇಸು. ನಮ್ಮ ಸಂಘದ ವಾಚನಾಲಯ ಸಂಜೆ ಆರರ ಮೇಲೆ ಬರಿದಾಗಿರುತ್ತದೆ. ಸಮಿತಿಯವರು ಅಲ್ಲಿ ಒಂದು ತಂಬೂರಿಯನ್ನೂ ಒಂದು ಒಳ್ಳೆಯ ಕೀಬೋರ್ಡನ್ನೂ ಇರಿಸಿ, ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಬಾಗಿಲು ತೆರೆಯಬೇಕೆಂದು ನನ್ನ ಬಿನ್ನಹ. ಬೀಗದ ಕೈಯನ್ನು ಇಟ್ಟುಕೊಳ್ಳುವ ಹೊಣೆಯನ್ನು ನಾನು ಹೊರುತ್ತೇನೆ.