ತವೆಯ ಮೇಲಿನ ತಂಬಾಕು



ಮುಂಬೈಯ ಆರೆ ಕಾಲೊನಿ ಎಂದರೆ ನಮಗೆ 1949ರ ಹಾಲಿನ ಡೇರಿ. ಡೇರಿ ಬರುವ ಮೊದಲೇ ಅಲ್ಲಿದ್ದವರು ವಾರ್ಲಿ, ಮಲ್ಹಾರ್ ಕೋಳಿ ಬುಡಕಟ್ಟಿನ ಆದಿವಾಸಿಗಳು. ಅವರ ಹಾಡಿಗಳಿಗೆ ಅಲ್ಲಿ ಪಾಡಾ ಎನ್ನುತ್ತಾರೆ.

ಇವತ್ತಿನ ವಿಷಯ ಆ ಪಾಡಾಗಳ ಮಶೇರಿ. ಹೊಗೆಸೊಪ್ಪನ್ನು ತವೆಯ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ ಹಲ್ಲುಜ್ಜುವುದು. ಬೆಳಿಗ್ಗೆ ಹಲ್ಲಿಗೆಂದು ಶುರುವಾದದ್ದು ಮಧ್ಯಾಹ್ನ ಹಸಿವಿಗೆ, ಸಂಜೆ ದಣಿವಿಗೆ ಎಂದು ಬೆಳೆಯುತ್ತದೆ. ಹೆಂಗಸರಲ್ಲೇ ಹೆಚ್ಚು. ಆದಿವಾಸಿಗಳ ಚಟ ಎಂದು ಮೂಗು ಮುರಿಯಬೇಡಿ, ಚಾಳುಗಳಲ್ಲೂ ಇದೆ. ನಮ್ಮ ಅಜ್ಜಂದಿರ ನಸ್ಯದ ಡಬ್ಬಿ ಮರೆತಿರಾ? ನಮ್ಮ ನಿಪ್ಪಾಣಿ ಬದುಕಿದ್ದೇ ತಂಬಾಕಿನಿಂದ. 1981ರಲ್ಲಿ ಅದರ ದರಕ್ಕಾಗಿ ರೈತರು ಹೆದ್ದಾರಿಯಲ್ಲಿ ಕೂತರು, ಗೋಲಿಬಾರೂ ಆಯಿತು.

ಕಾಯಿದೆಗಳಿಗೇನೂ ಕಡಿಮೆಯಿಲ್ಲ. 1992ರಲ್ಲಿ ಹಲ್ಲುಪುಡಿಯಲ್ಲಿ ತಂಬಾಕು ನಿಷೇಧ. 2003ರ ಕಾಯಿದೆಯಂತೆ ಶಾಲೆಯಿಂದ 100 ಗಜದೊಳಗೆ ಮಾರುವಂತಿಲ್ಲ. 2012ರಲ್ಲಿ ಮಹಾರಾಷ್ಟ್ರದಲ್ಲಿ ಗುಟ್ಕಾ ಬಂದ್. ಇವೆಲ್ಲ ಕಾರ್ಖಾನೆಗೆ, ಅಂಗಡಿಗೆ. ತನ್ನ ಒಲೆಯಲ್ಲಿ ತಾನೇ ಹುರಿದುಕೊಳ್ಳುವವಳನ್ನು ಯಾವ ಇನ್‌ಸ್ಪೆಕ್ಟರ್ ಹಿಡಿದಾನು?

ಆ ಒಲೆಯ ಹತ್ತಿರ ಕೂರುವವರೇ ಬೇಕು. ಪಾಲಿಕೆಯ ಆರೋಗ್ಯ ಸೇವಿಕೆ, ಉಳಿತಾಯ ಗುಂಪಿನ ಹೆಂಗಸರು, ಪಾಡಾದ ನಾಟಿ ವೈದ್ಯನಾದ ಭಗತ. ಭಗತನ ಹೆಸರೆತ್ತಿದರೆ ಡಾಕ್ಟರುಗಳು ನಗುತ್ತಾರೆ. ಆದರೆ ಬಾಯಿಹುಣ್ಣಾದವಳು ಮೊದಲು ಹೋಗುವುದು ಅವನ ಬಳಿಗೇ. ಮೂರು ವಾರಕ್ಕೂ ಹುಣ್ಣು ಮಾಯದವರನ್ನು ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸು ಎಂದು ಅವನನ್ನು ಒಪ್ಪಿಸಿದರೆ ಅರ್ಧ ಕೆಲಸ ಆದಂತೆ. ಇನ್ನು ಶಾಲೆಯ ಮಕ್ಕಳು. ಸಲಾಂ ಬಾಂಬೆ ಫೌಂಡೇಶನ್ 2002ರಿಂದ ಪಾಲಿಕೆ ಶಾಲೆಗಳಲ್ಲಿ ಮಕ್ಕಳ ಬಾಯಿಂದಲೇ ತಂಬಾಕು ಬೇಡ ಎಂಬ ಮಾತು ಆಡಿಸುತ್ತಿದೆ.

ನಾವೇನು ಮಾಡಬಹುದು? ದಯವಿಟ್ಟು ಒಂದು ದಿನದ ಶಿಬಿರ, ಬ್ಯಾನರು, ಫೋಟೊ ಬೇಡ. ಹೋಟೆಲ್ ಹುಡುಗರಿಗೆಂದು ಕನ್ನಡಿಗರು ಈ ಊರಲ್ಲಿ ರಾತ್ರಿಶಾಲೆ ನಡೆಸಿದರಲ್ಲ, ಬೆಳಿಗ್ಗೆ ಹತ್ತಕ್ಕೆ ಬಾ ಎನ್ನಲಿಲ್ಲ. ಅವರ ಕೆಲಸ ಮುಗಿಯುವ ಹೊತ್ತಿಗೆ ಪಾಠ ಇಟ್ಟುಕೊಂಡರು. ಪಾಡಾದ ಹೆಂಗಸರೂ ಮನೆಗೆಲಸ ಮುಗಿಸಿ ಮರಳುವುದು ಸಂಜೆಗೇ. ಆಗ ಹೋಗಬೇಕು, ತಿಂಗಳು ತಿಂಗಳೂ ಹೋಗಬೇಕು, ಬ್ರಶ್ಶು ಪೇಸ್ಟು ಹಿಡಿದುಕೊಂಡು. ಮಶೇರಿ ಬಿಡು ಎನ್ನುವವರು ಹಲ್ಲುಜ್ಜಲು ಬೇರೇನಾದರೂ ಕೈಗೆ ಕೊಡಬೇಡವೇ?

ತಂಬಾಕು ಬಿಡುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ, ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆ. ಬಿಡಿಯಾಗಿ ಕೊಂಡ ಹೊಗೆಸೊಪ್ಪಿಗೆ ಪೊಟ್ಟಣವೆಲ್ಲಿ? ಆ ನಂಬರನ್ನು ಪಾಡಾಕ್ಕೆ ಮುಟ್ಟಿಸಲು ನನ್ನ ಜೊತೆ ಬರುವವರು ಹೊರಡುವ ಮುನ್ನ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆದು ಹೋಗಿ.